ಪ್ರವಾಸ ಪ್ರಶ್ನೋತ್ತರ: ಮೋಟಾರ್‌ಹೋಮ್‌ನಲ್ಲಿ ರಾತ್ರಿ, ಕ್ಯಾಂಪ್‌ಸೈಟಿನ ಹೊರಗೆ

2021ರಲ್ಲಿ ಬ್ರಿಟನ್ನಿನಲ್ಲಿ ಕೋವಿಡ್ ನಿರ್ಬಂಧಗಳು ಹಂತಹಂತವಾಗಿ ಸಡಿಲಗೊಳ್ಳುತ್ತಿದ್ದಂತೆ, ಅಲ್ಲಿ ನೆಲೆಸಿರುವ ಓದುಗರಿಂದಲೂ ಇಲ್ಲಿರುವ ಅವರ ಮನೆಯವರಿಂದಲೂ ಒಂದೇ ವಿಷಯದ ಬಗ್ಗೆ ಹಲವು ಪತ್ರಗಳು ಬಂದವು. ಹೀಗಾಗಿ ಈ ಬಾರಿಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಪ್ರಶ್ನೋತ್ತರಗಳು 2021ರ ಮೇ ಕೊನೆಯ ವಾರದವು; ಅವುಗಳಲ್ಲಿನ ಕೋವಿಡ್ ನಿಯಮಗಳೂ ಕ್ವಾರಂಟೈನ್ ಶುಲ್ಕವೂ ಆಗಿನವು, ಈಗಿಲ್ಲ.

ಪ್ರಶ್ನೆ: ಈ ಬೇಸಿಗೆಯಲ್ಲಿ ಶಿವಮೊಗ್ಗಕ್ಕೆ ಬರಬೇಕೆಂದಿದ್ದೆವು. ಏಪ್ರಿಲ್ 23ರಿಂದ ಭಾರತವು ಇಲ್ಲಿನ ಪ್ರಯಾಣ ನಿರ್ಬಂಧದ ಕೆಂಪು ಪಟ್ಟಿಗೆ ಸೇರಿದ್ದರಿಂದ, ಮರಳಿದ ಮೇಲೆ ಹೋಟೆಲ್ ಕ್ವಾರಂಟೈನ್‌ಗೆ ಒಬ್ಬ ವಯಸ್ಕರಿಗೆ 1,750 ಪೌಂಡ್ ತೆರಬೇಕಾಗುತ್ತದೆ. ಆದ್ದರಿಂದ ಊರಿನ ಆಸೆ ಬಿಟ್ಟು ಜೂನ್ ಕೊನೆಯಲ್ಲಿ ಒಂದು ವಾರಕ್ಕೆ ಮೋಟಾರ್‌ಹೋಮ್ ಬಾಡಿಗೆಗೆ ಹಿಡಿದಿದ್ದೇವೆ. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ನಾವು ವಿಚಾರಿಸಿದ ಕ್ಯಾಂಪ್‌ಸೈಟುಗಳೆಲ್ಲ ಭರ್ತಿಯಾಗಿವೆ. ವಾಹನದಲ್ಲಿಯೇ ಅಡುಗೆಮನೆ, ಶೌಚಾಲಯ, ಹಾಸಿಗೆ ಎಲ್ಲವೂ ಇರುವಾಗ, ಸರ್ಕಾರವೂ ಸ್ವಯಂಪೂರ್ಣ ವಸತಿಗೆ ಅನುಮತಿ ನೀಡಿರುವಾಗ, ರಸ್ತೆ ಬದಿಯಲ್ಲೋ ಕಾರ್ ಪಾರ್ಕಿನಲ್ಲೋ ರಾತ್ರಿ ಕಳೆಯಬಹುದಲ್ಲವೇ? ಇನ್ನೊಂದು ಕನ್ನಡ ಕುಟುಂಬವೂ ನಮ್ಮೊಂದಿಗೆ ಬೇರೊಂದು ವಾಹನದಲ್ಲಿ ಬರುತ್ತಿದೆ. (ಒಬ್ಬ ಓದುಗರು, ರೆಡಿಂಗ್)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಅನುಮತಿಗಳು ಒಂದಾಗಿ ಬೆರೆತಿವೆ. ಮನೆಯಿಂದ ಹೊರಗೆ ರಾತ್ರಿ ತಂಗಬಹುದೇ ಎಂಬುದು ಸಾಂಕ್ರಾಮಿಕದ ನಿಯಮಕ್ಕೆ ಸೇರಿದ ಪ್ರಶ್ನೆ. ಈ ಜಾಗದಲ್ಲಿ ತಂಗಬಹುದೇ ಎಂಬುದು ಜಾಗದ ಒಡೆಯನಿಗೂ ಸ್ಥಳೀಯ ಆಡಳಿತಕ್ಕೂ ಸೇರಿದ ಪ್ರಶ್ನೆ. ಮೊದಲನೆಯದು ಈಗ ಸಡಿಲವಾಗಿದೆ. ಎರಡನೆಯದು ಕೋವಿಡ್‌ಗೆ ಮುನ್ನ ಹೇಗಿತ್ತೋ ಈಗಲೂ ಹಾಗೆಯೇ ಇದೆ.

ಇಂಗ್ಲೆಂಡಿನಲ್ಲಿ ಮಾರ್ಚ್ 29ರಂದು ಮನೆಯಲ್ಲೇ ಇರಬೇಕೆಂಬ ಆದೇಶ ತೆರವಾದರೂ, ಸ್ವಂತ ಕ್ಯಾರವಾನ್ ಇದ್ದವರು ಕೂಡ ರಜೆಗೆಂದು ಹೊರಗೆ ರಾತ್ರಿ ಕಳೆಯಬಾರದೆಂಬ ಸೂಚನೆ ಮುಂದುವರಿದಿತ್ತು. ಏಪ್ರಿಲ್ 12ರಿಂದ ಒಂದೇ ಮನೆಯವರು ಸ್ವಯಂಪೂರ್ಣ ವಸತಿಯಲ್ಲಿ ತಂಗಬಹುದೆಂದಾಯಿತು. ಮೇ 17ರಿಂದ ಆರು ಮಂದಿ ಅಥವಾ ಎರಡು ಮನೆಯವರು ಒಳಾಂಗಣದಲ್ಲಿಯೂ ಸೇರಬಹುದು, ರಾತ್ರಿಯೂ ಜೊತೆಗಿರಬಹುದು. ಆದ್ದರಿಂದ ನಿಮ್ಮ ಎರಡು ಕುಟುಂಬಗಳು ಮಳೆ ಬಂದಾಗ ಒಂದೇ ವಾಹನದೊಳಗೆ ಕುಳಿತು ಊಟ ಮಾಡಲು ಅಡ್ಡಿಯಿಲ್ಲ. ಮೂರನೆಯ ಕುಟುಂಬವೂ ಬಂದು ಒಟ್ಟು ಸಂಖ್ಯೆ ಆರನ್ನು ಮೀರಿದರೆ ಮಾತ್ರ ತೊಡಕು; ಏಕೆಂದರೆ ವಾಹನದ ಒಳಭಾಗವೂ ಒಳಾಂಗಣವೇ.

ಇನ್ನು ಜಾಗದ ವಿಷಯ. ಸಾರ್ವಜನಿಕ ರಸ್ತೆಯಲ್ಲಿ ನಿಯಮಬದ್ಧವಾಗಿ ನಿಲ್ಲಿಸಿದ ವಾಹನದೊಳಗೆ ನಿದ್ದೆ ಮಾಡುವುದೇ ಅಪರಾಧ ಎನ್ನುವ ಸಾಮಾನ್ಯ ಕಾನೂನು ಇಂಗ್ಲೆಂಡಿನಲ್ಲಿಲ್ಲ. ಹಾಗೆಂದು ಎಲ್ಲಿ ಬೇಕಾದರೂ ಮಲಗುವ ಹಕ್ಕೂ ಇಲ್ಲ. ರಸ್ತೆಯಾಚೆಗಿನ ನೆಲವೆಲ್ಲ ಯಾರದೋ ಒಡೆತನದಲ್ಲಿರುತ್ತದೆ. 1988ರ ರೋಡ್ ಟ್ರಾಫಿಕ್ ಕಾಯ್ದೆಯ 34ನೇ ಸೆಕ್ಷನ್ ಅನುಮತಿಯಿಲ್ಲದೆ ಬಯಲಿನಲ್ಲಿ ವಾಹನ ಓಡಿಸುವುದನ್ನು ಅಪರಾಧವೆನ್ನುತ್ತದೆ. ನಿಲ್ಲಿಸುವ ಉದ್ದೇಶದಿಂದ ರಸ್ತೆಯಿಂದ 15 ಗಜದೊಳಗೆ ಹೋದರೆ ಆ ಅಪರಾಧವಾಗದು ಎಂಬ ವಿನಾಯಿತಿ ಅದರಲ್ಲಿದೆ. ಅದನ್ನೇ ಹಕ್ಕೆಂದು ತಿಳಿದು ಹುಲ್ಲುಗಾವಲಿಗೆ ಇಳಿಯುವವರಿದ್ದಾರೆ, ಆದರೆ ನೆಲದ ಒಡೆಯ ಬಂದು ಏಳಿ ಎಂದರೆ ಏಳಲೇಬೇಕು. ನೈಋತ್ಯ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಅನುಮತಿ ಕೇಳದೆ ಡೇರೆ ಹಾಕಬಹುದೆಂದು ಯಾರಾದರೂ ಹೇಳಿದರೆ, ಆ ಸೌಲಭ್ಯವು ಬೆನ್ನಿಗೆ ಚೀಲ ಹೊತ್ತು ನಡೆದು ಹೋಗುವವರದು, ವಾಹನದವರದಲ್ಲ ಎಂಬುದು ನೆನಪಿರಲಿ. ಕಾರ್ ಪಾರ್ಕುಗಳಲ್ಲಿ ಫಲಕವೇ ಕಾನೂನು. ಹಗಲಿನ ಶುಲ್ಕ ಕಟ್ಟಿದ ಮಾತ್ರಕ್ಕೆ ರಾತ್ರಿ ಮಲಗುವ ಅನುಮತಿ ಸಿಕ್ಕಿತೆಂದಲ್ಲ. ರಾತ್ರಿ ವಾಹನದಲ್ಲಿ ಮಲಗಕೂಡದೆಂದು ಬರೆದಿದ್ದರೆ ಅಲ್ಲಿ ದಂಡದ ಚೀಟಿ ಖಚಿತ.

ಹೆದ್ದಾರಿಯ ಪಕ್ಕದಲ್ಲಿ ವಾಹನ ನಿಲ್ಲಿಸಲು ಬಿಟ್ಟಿರುವ ಲೇ-ಬೈ ಎಂಬ ಜಾಗಗಳಲ್ಲಿ ನಿಲ್ಲುವವರಿಗೆ ಬಹುಮಂದಿ ಗಮನಿಸದ ಒಂದು ನಿಯಮವಿದೆ. ಗಂಟೆಗೆ 30 ಮೈಲಿಗಿಂತ ಹೆಚ್ಚಿನ ವೇಗಮಿತಿಯ ರಸ್ತೆಯಲ್ಲಾಗಲಿ ಅದರ ಲೇ-ಬೈಯಲ್ಲಾಗಲಿ ರಾತ್ರಿ ನಿಂತ ವಾಹನವು ಪಾರ್ಕಿಂಗ್ ದೀಪ ಹೊತ್ತಿಸಿರಬೇಕು ಎಂದು ಹೈವೇ ಕೋಡ್ ಹೇಳುತ್ತದೆ. ರಾತ್ರಿಯಿಡೀ ದೀಪ ಉರಿಸಿದರೆ ಬೆಳಿಗ್ಗೆ ಎಂಜಿನ್ ಹೊರಡಿಸಲು ಬ್ಯಾಟರಿಯಲ್ಲಿ ಶಕ್ತಿ ಉಳಿಯುವುದೇ ಎಂಬ ಪ್ರಶ್ನೆ ಏಳುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಲೇ-ಬೈಯನ್ನು ನಾನು ಸೂಚಿಸದಿರುವುದಕ್ಕೆ ಇದೊಂದು ಕಾರಣ. ಲಾರಿಗಳ ಸದ್ದು ಇನ್ನೊಂದು.

ಹಾಗಾದರೆ ಎಲ್ಲಿ ತಂಗಬೇಕು? ಮೊದಲು ಐದು ವಾಹನಗಳ ಪುಟ್ಟ ತಾಣಗಳನ್ನು ವಿಚಾರಿಸಿ. ಕ್ಯಾರವಾನ್ ಅಂಡ್ ಮೋಟಾರ್‌ಹೋಮ್ ಕ್ಲಬ್ಬಿನ ಸದಸ್ಯರಿಗಾಗಿ ರೈತರು ತಮ್ಮ ಹೊಲದ ಒಂದು ಮೂಲೆಯಲ್ಲಿ ನಡೆಸುವ, ಒಮ್ಮೆಗೆ ಐದಕ್ಕಿಂತ ಹೆಚ್ಚು ವಾಹನಗಳಿಗೆ ಎಡೆಯಿಲ್ಲದ ಈ ತಾಣಗಳನ್ನು ಸಿಎಲ್ ಎನ್ನುತ್ತಾರೆ. ಅನೇಕ ಕಡೆ ನಲ್ಲಿ ಮತ್ತು ಶೌಚದ ತೊಟ್ಟಿ ಖಾಲಿ ಮಾಡುವ ಜಾಗ ಬಿಟ್ಟರೆ ಬೇರೇನೂ ಇರದು. ಹೆಸರಾಂತ ಕ್ಯಾಂಪ್‌ಸೈಟುಗಳು ತುಂಬಿದ ಮೇಲೂ ಇಲ್ಲಿ ದೂರವಾಣಿ ಮಾಡಿದರೆ ಜಾಗ ಸಿಗುವ ಸಾಧ್ಯತೆಯುಂಟು. ಎರಡನೆಯದು, ಹಳ್ಳಿಯ ಪಬ್. ಫ್ರಾನ್ಸಿನಲ್ಲಿ ದ್ರಾಕ್ಷಿ ಬೆಳೆಗಾರರು, ರೈತರು ತಮ್ಮ ಅಂಗಳದಲ್ಲಿ ಮೋಟಾರ್‌ಹೋಮ್‌ಗಳಿಗೆ ಒಂದು ರಾತ್ರಿ ಜಾಗ ಕೊಡುವ ಫ್ರಾನ್ಸ್ ಪ್ಯಾಶನ್ ಎಂಬ ವ್ಯವಸ್ಥೆ 1993ರಿಂದ ನಡೆದುಬಂದಿದೆ. ಬ್ರಿಟನ್ನಿನಲ್ಲಿ ಬ್ರಿಟ್ ಸ್ಟಾಪ್ಸ್ ಎಂಬುದು ಅದೇ ಬಗೆಯದು. ಅದರ ಸದಸ್ಯರಾಗದಿದ್ದರೂ, ಮಧ್ಯಾಹ್ನವೇ ಪಬ್ಬಿಗೆ ದೂರವಾಣಿ ಮಾಡಿ, ರಾತ್ರಿ ಅಲ್ಲೇ ಊಟ ಮಾಡುವುದಾಗಿ ತಿಳಿಸಿ, ವಾಹನವನ್ನು ಹಿತ್ತಲಿನಲ್ಲಿ ನಿಲ್ಲಿಸಬಹುದೇ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ತಿಂಗಳುಗಟ್ಟಲೆ ಬಾಗಿಲು ಮುಚ್ಚಿದ್ದ ಪಬ್ಬುಗಳಿಗೆ ಎರಡು ಕುಟುಂಬಗಳ ಊಟದ ಗಿರಾಕಿ ಈಗ ಸಣ್ಣದೇನಲ್ಲ.

ಪಬ್ಬಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕುಡಿದು ವಾಹನ ಓಡಿಸುವುದು ಮಾತ್ರವಲ್ಲ, ಮಿತಿ ಮೀರಿ ಕುಡಿದು ಸಾರ್ವಜನಿಕ ಸ್ಥಳದಲ್ಲಿ ವಾಹನದ ಹೊಣೆ ಹೊತ್ತಿರುವುದೂ ಅಲ್ಲಿ ಅಪರಾಧ. ಪಬ್ಬಿನ ಕಾರ್ ಪಾರ್ಕ್ ಸಾರ್ವಜನಿಕ ಸ್ಥಳವೆನಿಸಬಹುದು. ಮತ್ತಿಳಿಯುವವರೆಗೆ ಓಡಿಸುವ ಸಂಭವವೇ ಇರಲಿಲ್ಲವೆಂದು ತೋರಿಸಿದರೆ ಕಾನೂನಿನಲ್ಲಿ ರಕ್ಷಣೆಯುಂಟು, ಆದರೆ ಅದನ್ನು ಸಾಬೀತುಪಡಿಸುವ ಹೊರೆ ನಿಮ್ಮದು. ಇಂಗ್ಲೆಂಡಿನ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ, ಸ್ಕಾಟ್ಲೆಂಡಿನಲ್ಲಿ 2014ರಿಂದ 50. ನಡುರಾತ್ರಿ ಯಾರಾದರೂ ಬಂದು ವಾಹನ ತೆಗೆಯಿರಿ ಎಂದರೆ ತೆಗೆಯಲು ಒಬ್ಬರಾದರೂ ಏನೂ ಕುಡಿಯದೆ ಇರಬೇಕೆಂಬುದು ನಾನು ಪಾಲಿಸಿಕೊಂಡು ಬಂದಿರುವ ಪದ್ಧತಿ.

ಕೊನೆಯದಾಗಿ, ನಿಮ್ಮ ಬಾಡಿಗೆ ಕರಾರನ್ನು ಇಂದೇ ತೆರೆದು ಓದಿ. ಕ್ಯಾಂಪ್‌ಸೈಟಿನ ಹೊರಗೆ ತಂಗಬಾರದೆಂಬ ಷರತ್ತು ಕೆಲವು ಕರಾರುಗಳಲ್ಲಿರುತ್ತದೆ. ಅದನ್ನು ಮುರಿದ ರಾತ್ರಿಯೇ ವಾಹನಕ್ಕೆ ಹಾನಿಯಾದರೆ ವಿಮೆಯ ಮಾತು ಕಠಿಣವಾಗುತ್ತದೆ.

ಪ್ರಶ್ನೆ: ವಿದ್ಯುತ್ ಸಂಪರ್ಕವಿಲ್ಲದ ಕಡೆ ಮೂರು ರಾತ್ರಿ ಕಳೆಯಬೇಕಾದರೆ ನಮ್ಮ ಅಡುಗೆ ಸಾಧ್ಯವೇ? ಮಿಕ್ಸಿ, ಇಂಡಕ್ಷನ್ ಒಲೆ ಎರಡನ್ನೂ ಒಯ್ಯುವ ಯೋಚನೆಯಿದೆ. (ಗೃಹಿಣಿ, ಮಿಲ್ಟನ್ ಕೀನ್ಸ್)

ಉತ್ತರ: ಮಿಕ್ಸಿಯನ್ನು ಬೇಕಾದರೆ ಒಯ್ಯಿರಿ, ಇಂಡಕ್ಷನ್ ಒಲೆಯನ್ನು ಮನೆಯಲ್ಲೇ ಬಿಡಿ. ವಾಹನದ ವಾಸದ ಭಾಗಕ್ಕೆ ಶಕ್ತಿ ಕೊಡುವುದು 12 ವೋಲ್ಟಿನ ಪ್ರತ್ಯೇಕ ಬ್ಯಾಟರಿ. ಅದು 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಾದರೆ ಕೆಡದಂತೆ ಬಳಸಬಹುದಾದದ್ದು ಸುಮಾರು ಅರ್ಧ, ಎಂದರೆ 50. ದೊಡ್ಡ ಇನ್ವರ್ಟರ್ ಇದ್ದರೆ 750 ವಾಟಿನ ಮಿಕ್ಸಿ ಸುಮಾರು 70 ಆಂಪಿಯರ್ ಎಳೆಯುತ್ತದೆ. ಚಟ್ನಿಗೆ ಐದು ನಿಮಿಷ ಸಾಕಾದ್ದರಿಂದ ಖರ್ಚಾಗುವುದು ಆರು ಆಂಪಿಯರ್-ಗಂಟೆ ಮಾತ್ರ. 2,000 ವಾಟಿನ ಇಂಡಕ್ಷನ್ ಒಲೆಯನ್ನು ಕಾಲು ಗಂಟೆ ಹೊತ್ತಿಸಿದರೆ ಮೂರು ರಾತ್ರಿಯ ಶಕ್ತಿಯೆಲ್ಲ ಒಂದು ಪಾತ್ರೆ ಸಾರಿಗೆ ಮುಗಿದುಹೋಗುತ್ತದೆ. ಅನ್ನಕ್ಕೆ ಗ್ಯಾಸ್ ಒಲೆಯ ಮೇಲೆ ಸಣ್ಣ ಕುಕ್ಕರ್ ಇಟ್ಟರೆ ಸಾಕು.

ಗ್ಯಾಸ್ ಸಿಲಿಂಡರ್ ಯಾವುದೆಂದು ಕೇಳಿ ತಿಳಿಯಿರಿ. ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ನಾನು ಬಾಡಿಗೆಗೆ ಪಡೆದ ವಾಹನದಲ್ಲಿ ಬ್ಯೂಟೇನ್ ಸಿಲಿಂಡರ್ ಇತ್ತು. ಬೆಳಿಗ್ಗೆ ಕಾಫಿಗೆ ನೀರಿಡಲು ಹೋದರೆ ಒಲೆ ಹೊತ್ತಲೇ ಇಲ್ಲ. ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿ ಬ್ಯೂಟೇನ್ ಅನಿಲವಾಗಿ ಏಳುವುದೇ ಇಲ್ಲ. ಪ್ರೊಪೇನ್‌ಗೆ ಆ ತೊಂದರೆಯಿಲ್ಲ. ಜೂನ್‌ನಲ್ಲಿ ಹೋಗುವ ನಿಮಗೆ ಎರಡೂ ನಡೆಯುತ್ತವೆ. ಒಗ್ಗರಣೆ ಹಾಕುವಾಗ ಛಾವಣಿಯ ಕಿಂಡಿಯನ್ನು ಪೂರ್ತಿ ತೆರೆಯಿರಿ, ಇಲ್ಲವಾದರೆ ಒಣಮೆಣಸಿನಕಾಯಿಯ ಘಾಟಿಗೆ ಹೊಗೆಯ ಅಲಾರಂ ಕೂಗಿಕೊಳ್ಳುತ್ತದೆ. ಹೊಗೆಯ ಅಲಾರಂ ಬೇರೆ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆ. ಎರಡೂ ಇವೆಯೇ ಎಂದು ನೋಡಿಕೊಳ್ಳಿ. ಚಳಿಯೆಂದು ಅಡುಗೆ ಒಲೆಯನ್ನು ಹೊತ್ತಿಸಿಟ್ಟು ಮಲಗುವುದು ಪ್ರಾಣಕ್ಕೇ ಅಪಾಯ. ದೋಸೆ ಹಿಟ್ಟನ್ನು ಡಬ್ಬದ ತುಂಬ ತುಂಬಬೇಡಿ. ಕುಲುಕಾಡುವ ವಾಹನದಲ್ಲಿ ಉಬ್ಬಿದ ಹಿಟ್ಟು ಮುಚ್ಚಳವನ್ನು ತಳ್ಳಿ ಹಾಸಿಗೆಯ ಕೆಳಗೆ ಹರಿದದ್ದನ್ನು ನಾನು ಒರೆಸಿದ್ದೇನೆ.

ಮೂರು ರಾತ್ರಿಯ ನಿಜವಾದ ಮಿತಿ ವಿದ್ಯುತ್ತಲ್ಲ, ಶೌಚದ ತೊಟ್ಟಿ. ಕ್ಯಾಸೆಟ್ ಎನ್ನುವ ಈ ತೊಟ್ಟಿ ಹಿಡಿಸುವುದು ಇಪ್ಪತ್ತು ಲೀಟರಿನ ಒಳಗೆ. ನಾಲ್ವರಿಗೆ ಅದು ಎರಡು ದಿನಕ್ಕೇ ತುಂಬುತ್ತದೆ. ಅದನ್ನು ಖಾಲಿ ಮಾಡಲು ಕ್ಯಾಂಪ್‌ಸೈಟುಗಳಲ್ಲಿ ನಿಗದಿತ ಜಾಗವಿರುತ್ತದೆ, ಮೊದಲೇ ಕೇಳಿದರೆ ಕೆಲವರು ಸಣ್ಣ ಶುಲ್ಕಕ್ಕೆ ಹೊರಗಿನವರಿಗೂ ಒಪ್ಪುತ್ತಾರೆ. ಹಾಗಾಗಿ ಎರಡು ರಾತ್ರಿ ಹೊರಗೆ, ಮೂರನೆಯದು ಸೌಕರ್ಯವಿರುವ ತಾಣದಲ್ಲಿ ಎಂದು ಯೋಜಿಸಿಕೊಳ್ಳಿ. ಪಾತ್ರೆ ತೊಳೆದ ನೀರನ್ನೂ ರಸ್ತೆಯ ಚರಂಡಿಗೆ ಬಿಡಬಾರದು. ಆ ಚರಂಡಿ ಹಲವೆಡೆ ನೇರವಾಗಿ ಹೊಳೆಗೇ ಸೇರುತ್ತದೆ.

ಪ್ರಶ್ನೆ: ಲಾಕ್‌ಡೌನ್ ತೆರವಾದ ಕೂಡಲೇ ಟೆಂಪೋ ಟ್ರಾವೆಲರ್ ಒಂದಕ್ಕೆ ಹಾಸಿಗೆ ಹಾಕಿಸಿ ಬಂಡೀಪುರದ ಕಾಡಿನ ಅಂಚಿನಲ್ಲಿ ಹೀಗೆಯೇ ರಾತ್ರಿ ಕಳೆಯಬಹುದೇ? (ಓದುಗರು, ಬೆಂಗಳೂರು)

ಉತ್ತರ: ಕಾಡಿನಲ್ಲಿ ಖಂಡಿತ ಬೇಡ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೇ ನಿಷೇಧವಿದೆ, ಹಗಲಿನಲ್ಲಿಯೂ ಅಲ್ಲಿ ವಾಹನ ನಿಲ್ಲಿಸಿ ಇಳಿಯುವಂತಿಲ್ಲ. ಕಾಡಿನಾಚೆ, ಪರಿಚಯದ ರೈತರ ತೋಟದಲ್ಲಿ ಅವರ ಒಪ್ಪಿಗೆ ಪಡೆದು ನಿಲ್ಲಿಸಿದರೆ ಅದು ಬೇರೆ ಮಾತು.

ಪ್ರಶ್ನೆ: ನನ್ನ ಮಗ, ಸೊಸೆ ಎಡಿನ್‌ಬರೋದಲ್ಲಿದ್ದಾರೆ. ಮುಂದಿನ ತಿಂಗಳು ಮೊಮ್ಮಗಳನ್ನೂ ಕರೆದುಕೊಂಡು ಮೋಟಾರ್‌ಹೋಮ್‌ನಲ್ಲಿ ಸ್ಕಾಟ್ಲೆಂಡಿನ ಉತ್ತರ ತುದಿಗೆ ಹೋಗುತ್ತಾರಂತೆ. ಅಲ್ಲಿ ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಿ ಮಲಗುವ ಹಕ್ಕು ಕಾನೂನಿನಲ್ಲೇ ಇದೆ ಎನ್ನುತ್ತಾನೆ ಮಗ. ಈ ಕಾಯಿಲೆಯ ಕಾಲದಲ್ಲಿ ಇದು ಸರಿಯೇ? (ತಾಯಿ, ಧಾರವಾಡ)

ಉತ್ತರ: ತಾಯಿ, ಕಾಯಿಲೆಯ ದೃಷ್ಟಿಯಿಂದ ನೀವು ಹೆಚ್ಚು ಚಿಂತಿಸಬೇಕಿಲ್ಲ. ಏಪ್ರಿಲ್ 26ರಿಂದ ಸ್ಕಾಟ್ಲೆಂಡಿನಲ್ಲಿ ಪ್ರವಾಸಿ ವಸತಿಗಳು ತೆರೆದಿವೆ; ತಮ್ಮದೇ ಹಾಸಿಗೆ, ತಮ್ಮದೇ ಅಡುಗೆ, ತಮ್ಮದೇ ಶೌಚಾಲಯವಿರುವ ವಾಹನವು ಹೋಟೆಲಿಗಿಂತ ಕಡಿಮೆ ಜನಸಂಪರ್ಕದ ವಸತಿ. ಆದರೆ ಹಕ್ಕಿನ ವಿಷಯದಲ್ಲಿ ನಿಮ್ಮ ಮಗ ಅರ್ಧ ಮಾತ್ರ ಓದಿಕೊಂಡಿದ್ದಾರೆ. 2003ರ ಲ್ಯಾಂಡ್ ರಿಫಾರ್ಮ್ ಕಾಯ್ದೆ ಸ್ಕಾಟ್ಲೆಂಡಿನ ಬಯಲು, ಬೆಟ್ಟಗಳಲ್ಲಿ ಓಡಾಡುವ, ಡೇರೆ ಹಾಕುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ ಎಂಬುದು ನಿಜ, ಆದರೆ ಅದೇ ಕಾಯ್ದೆ ಮೋಟಾರು ವಾಹನಗಳನ್ನು ಆ ಹಕ್ಕಿನಿಂದ ಹೊರಗಿಟ್ಟಿದೆ. ಲಾಕ್ ಲೋಮಂಡ್ ರಾಷ್ಟ್ರೀಯ ಉದ್ಯಾನದ ಸರೋವರದ ದಂಡೆಗಳಲ್ಲಂತೂ 2017ರಿಂದ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಗುರುತಿಸಿದ ವಲಯಗಳಲ್ಲಿ ಕ್ಯಾಂಪಿಂಗ್ ಮಾಡಲು ಪರ್ಮಿಟ್ ಬೇಕು.

ಅವರು ಹೊರಟಿರುವುದು ಇನ್ವರ್ನೆಸ್‌ನಿಂದ ಹೊರಟು ಅಲ್ಲಿಗೇ ಮರಳುವ, 516 ಮೈಲಿ ಉದ್ದದ ನಾರ್ತ್ ಕೋಸ್ಟ್ 500 ದಾರಿ ಇರಬೇಕು. ಕಳೆದ ಬೇಸಿಗೆಯಲ್ಲಿ, ವಿದೇಶಕ್ಕೆ ಹೋಗಲಾಗದ ಜನ ಅಲ್ಲಿಗೇ ನುಗ್ಗಿ, ಕಸವನ್ನೂ ಹೊಲಸನ್ನೂ ಬಿಟ್ಟುಹೋದದ್ದರಿಂದ ಅಲ್ಲಿನ ಹಳ್ಳಿಗರು ನೊಂದಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಆ ಭಾಗದ ಒಂಟಿ ಸಾಲಿನ ರಸ್ತೆಗಳಲ್ಲಿ ಎದುರು ವಾಹನಕ್ಕೆ ದಾರಿ ಬಿಡಲು ಪಾಸಿಂಗ್ ಪ್ಲೇಸ್ ಎಂಬ ಅಗಲ ಜಾಗಗಳಿವೆ. ಅಲ್ಲಿ ನಿಲ್ಲಿಸಿ ಮಲಗಿದರೆ ರಾತ್ರಿ ಬರುವ ಆಂಬುಲೆನ್ಸಿಗೂ ದಾರಿ ಸಿಗದಂತಾಗುತ್ತದೆ. ಕತ್ತಲಾಗುವ ಮುನ್ನ ಜಾಗ ಗೊತ್ತುಮಾಡಿಕೊಂಡು, ಹತ್ತಿರದ ಮನೆಯವರನ್ನು ಕೇಳಿ ನಿಲ್ಲಿಸಲಿ. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತಾದರೂ ಬೆಳಕಿರುವುದರಿಂದ ಅದಕ್ಕೆ ಸಮಯ ಬೇಕಾದಷ್ಟಿದೆ. ಮೊಮ್ಮಗಳಿಗೆ ತುಂಬುತೋಳಿನ ಅಂಗಿ ಇರಲಿ. ಮಲೆನಾಡಿನ ನುಸಿಯನ್ನು ನೆನಪಿಸುವ ಮಿಡ್ಜ್ ಎಂಬ ಹುಳು ಸಂಜೆಯಾದರೆ ಹಿಂಡುಹಿಂಡಾಗಿ ಮುತ್ತಿ ಕಚ್ಚುತ್ತದೆ.

ಇನ್ನೊಂದು ಮಾತು. ಆ ಬೆಟ್ಟಗಳ ನಡುವೆ ಬಹಳ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಅವರು ರಾತ್ರಿ ಎಂಟಕ್ಕೆ ಗಾಡಿ ನಿಲ್ಲಿಸುವಾಗ ನಿಮಗೆ ಹನ್ನೆರಡೂವರೆ ಆಗಿರುತ್ತದೆ. ಆದ್ದರಿಂದ ಮಧ್ಯಾಹ್ನ ಊಟಕ್ಕೆ ಯಾವುದಾದರೂ ಊರಿನಲ್ಲಿ ನಿಂತಾಗಲೇ ಕರೆ ಮಾಡಿ, ಅಂದು ರಾತ್ರಿ ಎಲ್ಲಿ ತಂಗುತ್ತೇವೆಂದು ಹೇಳುವಂತೆ ತಿಳಿಸಿ. ಆಗ ನಿಮಗಿನ್ನೂ ಸಂಜೆ ಆರರ ಹೊತ್ತು.