ತಲಪೊಯಿನ್ ಕೋತಿ ಎಷ್ಟು ದೊಡ್ಡದಾಗುತ್ತದೆ, ಎಷ್ಟು ವರ್ಷ ಬದುಕುತ್ತದೆ?

ನಮಸ್ಕಾರ. ಆಫ್ರಿಕಾದ ತಲಪೊಯಿನ್ ಎಂಬ ಪುಟ್ಟ ಕೋತಿಯ ಉದ್ದ, ತೂಕ, ಆಯುಸ್ಸು ಎಷ್ಟು ಎಂದು ಕೇಳಿದ್ದೀರಿ. ಹುಡುಕಿದರೆ ಒಂದೊಂದು ಕಡೆ ಒಂದೊಂದು ಲೆಕ್ಕ ಸಿಗುತ್ತಿದೆ, ಯಾವುದನ್ನು ನಂಬಲಿ ಎಂದಿದ್ದೀರಿ. ಆರು ವರ್ಷದ ಮಗಳು ಬೆರಳು ಹಿಡಿದುಕೊಂಡ ಕೋತಿಮರಿಯ ವಿಡಿಯೋ ನೋಡಿ ಅಂಥದ್ದೇ ಬೇಕು ಅಂತ ಹಠ ಹಿಡಿದಿದ್ದಾಳೆ, ಮೈಸೂರಿನ ಮನೆಯಲ್ಲಿ ಸಾಕಬಹುದಾ ಎಂದೂ ಬರೆದಿದ್ದೀರಿ.

ನಾನು ಮಂಡ್ಯ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ತಲಪೊಯಿನ್ ಬಗ್ಗೆ ಓದಿ ತಿಳಿದವಳೇ ಹೊರತು ಕಣ್ಣಾರೆ ಕಂಡವಳಲ್ಲ. ಆದರೆ ಕೋತಿ ಸಾಕಿದ ಮನೆಯಲ್ಲಿ ಬೆಳೆದವಳು. ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ತೂಕ. ಅರ್ಧ ಲೀಟರಿನ ಎರಡು ನಂದಿನಿ ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದು ನೋಡಿ. ಹೆಣ್ಣು ತಲಪೊಯಿನ್ ಹೆಚ್ಚುಕಡಿಮೆ ಅಷ್ಟೇ ತೂಕ, ಸುಮಾರು 1 ಕೆ.ಜಿ. ಗಂಡು ಅದಕ್ಕಿಂತ ಸ್ವಲ್ಪ ಜಾಸ್ತಿ, 1.3 ಕೆ.ಜಿ. ಆಸುಪಾಸು. ತೀರಾ ಸಣ್ಣದು 800 ಗ್ರಾಂ ಇರಬಹುದು, ದಷ್ಟಪುಷ್ಟವಾದ ಗಂಡು 1.9 ಕೆ.ಜಿ.ವರೆಗೂ ತೂಗಬಹುದು. ನಮ್ಮ ಊರುಗಳಲ್ಲಿ ಹೆಂಚು ಸರಿಸುವ ಕೋತಿ ಇದೆಯಲ್ಲ, ಅದರಲ್ಲಿ ಗಂಡೊಂದು 6ರಿಂದ 9 ಕೆ.ಜಿ. ತೂಗುತ್ತದೆ. ಅಂದರೆ ನಮ್ಮ ಒಂದು ಗಡವ ಕೋತಿಯ ತೂಕಕ್ಕೆ ಐದರಿಂದ ಏಳು ಗಂಡು ತಲಪೊಯಿನ್ ಬೇಕು. ಆಫ್ರಿಕಾ, ಏಷ್ಯಾ ಎರಡೂ ಸೇರಿ ಇದಕ್ಕಿಂತ ಚಿಕ್ಕ ಕೋತಿ ಬೇರೊಂದಿಲ್ಲ.

ಉದ್ದದ ವಿಷಯದಲ್ಲೇ ಗೊಂದಲ ಜಾಸ್ತಿ. ಕೋತಿಯನ್ನು ಅಳೆಯುವವರು ತಲೆಯಿಂದ ಬಾಲದ ಬುಡದವರೆಗೆ ಒಂದು ಅಳತೆ, ಬಾಲಕ್ಕೆ ಬೇರೆ ಅಳತೆ ಬರೆಯುತ್ತಾರೆ. ತಲಪೊಯಿನ್ ಮೈ ಒಂದೂವರೆ ಗೇಣಿನಿಂದ ಎರಡು ಗೇಣು, ಅಂದರೆ 30ರಿಂದ 45 ಸೆಂ.ಮೀ. ಬಾಲ ಮೈಗಿಂತ ಉದ್ದ, ಹತ್ತಿರ ಹತ್ತಿರ ಒಂದು ಮೊಳ. ಯಾರೋ ಎರಡನ್ನೂ ಕೂಡಿಸಿ ಬರೆದರೆ ಇಷ್ಟು ಪುಟ್ಟ ಪ್ರಾಣಿ 80 ಸೆಂ.ಮೀ. ಅಂತ ಕಾಣುತ್ತದೆ. ನೀವು ಕಳಿಸಿದ ಎರಡು ಲೆಕ್ಕಗಳಲ್ಲಿ ಒಂದು ಹಾಗೇ ಆಗಿರಬೇಕು.

ಇನ್ನೊಂದು ಕಾರಣವೂ ಇದೆ. 1774ರಲ್ಲಿ ಶ್ರೇಬರ್ ಎಂಬ ಜರ್ಮನ್ ವಿಜ್ಞಾನಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು. ಬಹಳ ಕಾಲ ಒಂದೇ ಜಾತಿ ಎಂದುಕೊಂಡಿದ್ದರು. 1997ರಲ್ಲಿ ಜೋನಾಥನ್ ಕಿಂಗ್‌ಡನ್ ಅವರು ಉತ್ತರದ ಕೋತಿಯನ್ನು ಬೇರೆ ಜಾತಿ ಎಂದು ಬರೆದರು. ಈಗ ಅಂಗೋಲಾ ಮತ್ತು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಕಡೆಯದು ಒಂದು, ಗ್ಯಾಬೊನ್, ಕ್ಯಾಮರೂನ್ ಕಡೆಯದು ಇನ್ನೊಂದು. ಹಳೆಯ ಪುಸ್ತಕದ ಲೆಕ್ಕದಲ್ಲಿ ಎರಡೂ ಒಂದೇ ತಕ್ಕಡಿಗೆ ಬಿದ್ದಿವೆ. ಹೆಸರಿನದೂ ಒಂದು ಸೋಜಿಗ. ತಲಪೊಯಿನ್ ಅಂದರೆ ಹಿಂದೆ ಯುರೋಪಿನವರು ಸಯಾಂ (ಈಗಿನ ಥಾಯ್ಲೆಂಡ್) ದೇಶದ ಬೌದ್ಧ ಭಿಕ್ಷುಗಳನ್ನು ಕರೆಯುತ್ತಿದ್ದ ಹೆಸರು. ಅದು ಆಫ್ರಿಕಾದ ಕೋತಿಗೆ ಬಂದು ಅಂಟಿಕೊಂಡಿದೆ.

ಮಗಳು ನೋಡಿದ ವಿಡಿಯೋದ ಮರಿ ನಿಜವಾಗಿ ಬೆರಳಷ್ಟೇ ಇದ್ದರೆ ಅದು ತಲಪೊಯಿನ್ ಅಲ್ಲವೇ ಅಲ್ಲ. ಅದು ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ಪಿಗ್ಮಿ ಮಾರ್ಮೊಸೆಟ್. ದೊಡ್ಡದಾದ ಮೇಲೂ ಅದರ ತೂಕ 100ರಿಂದ 150 ಗ್ರಾಂ. ಕಣ್ಣು ದುಂಡಗೆ, ಕಿವಿ ದೊಡ್ಡದಿದ್ದರೆ ಅದು ಆಫ್ರಿಕಾದ ಬುಷ್‌ಬೇಬಿ ಇರಬಹುದು. ಅದು ಕೋತಿಯಲ್ಲ, ನಮ್ಮ ಕಾಡುಪಾಪದ ದೂರದ ನೆಂಟ.

ತಲಪೊಯಿನ್ ನನಗೆ ಇಷ್ಟವಾಗುವುದು ಅದರ ಗಾತ್ರಕ್ಕಲ್ಲ, ನೀರಿಗೆ. ಕಾವೇರಿ ದಂಡೆಯಲ್ಲಿ ಬೆಳೆದವಳಿಗೆ ಹಾಗನ್ನಿಸುವುದು ಸಹಜ ಅಲ್ವಾ. ಈ ಕೋತಿಗಳು ಹೊಳೆ ಬಿಟ್ಟು ದೂರ ಹೋಗುವುದಿಲ್ಲ. ಹೊಳೆಯಂಚಿನ ದಟ್ಟ ಪೊದೆ, ಜವುಗು ಕಾಡು, ಅದೇ ಅವುಗಳ ಮನೆ. ರಾತ್ರಿ ನೀರಿನ ಮೇಲೆ ಚಾಚಿದ ಕೊಂಬೆಗಳಲ್ಲಿ ಮಲಗುತ್ತವೆ. ಚಿರತೆಯೋ ಹಾವೋ ಬಂದರೆ ಸೀದಾ ನೀರಿಗೆ ಹಾರಿ ಈಜಿಕೊಂಡು ಪಾರಾಗುತ್ತವೆ. ಬೆನ್ನಿನ ಬಣ್ಣ ಹಸಿರು ಬೆರೆತ ಬೂದು, ಹೊಟ್ಟೆ ಬಿಳಿ. ಎಲೆಗಳ ನಡುವೆ ಸುಮ್ನೆ ಕೂತರೆ ಕಣ್ಣಿಗೆ ಬೀಳುವುದೇ ಕಷ್ಟ. ಒಂದೊಂದು ಗುಂಪಿನಲ್ಲಿ 60, 70, ಕೆಲವೊಮ್ಮೆ 100ಕ್ಕೂ ಹೆಚ್ಚು ಇರುತ್ತವೆ. ಹಣ್ಣು, ಬೀಜ, ಹುಳುಹುಪ್ಪಟೆ, ಹಕ್ಕಿಮೊಟ್ಟೆ ತಿನ್ನುತ್ತವೆ. ಸಂಕ್ರಾಂತಿ ಹೊತ್ತಿಗೆ ನಮ್ಮ ಸಂತೆಗಳಲ್ಲಿ ಮರಗೆಣಸು ಬರುತ್ತದಲ್ಲ, ಅಲ್ಲಿನವರ ದಿನದ ಊಟವೇ ಅದು. ಅದರ ವಿಷದ ಅಂಶ ಹೋಗಲಿ ಅಂತ ದಿನಗಟ್ಟಲೆ ನೀರಿನಲ್ಲಿ ನೆನೆಹಾಕುತ್ತಾರೆ. ತಲಪೊಯಿನ್ ಬಂದು ಅದನ್ನೇ ಎತ್ತಿಕೊಂಡು ಹೋಗುತ್ತದೆ. ನಮ್ಮಲ್ಲಿ ಕಬ್ಬು, ಎಳನೀರು. ಅಲ್ಲಿ ನೆನೆಹಾಕಿದ ಗೆಣಸು.

ಸುಮಾರು ಐದೂವರೆ ತಿಂಗಳು ಗರ್ಭ, ಒಂದು ಸಲಕ್ಕೆ ಒಂದೇ ಮರಿ. ತಾಯಿಯ ಮೈಗೆ ಹೋಲಿಸಿದರೆ ಮರಿ ದೊಡ್ಡದೇ. ಬಸುರಾಗಿ ಮೂರೇ ವಾರಕ್ಕೆ ಏಳೆಂಟು ಮರಿ ಹಾಕಿಬಿಡುವ ಇಲಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಿಧಾನವಾಗಿ ಹುಟ್ಟಿ, ನಿಧಾನವಾಗಿ ಬೆಳೆದು, ಬಹಳ ಕಾಲ ಬದುಕುವ ಪ್ರಾಣಿ ಇದು. ಮೃಗಾಲಯಗಳಲ್ಲಿ 25 ವರ್ಷ ದಾಟಿ, 28ರ ಹತ್ತಿರದವರೆಗೆ ಬದುಕಿದ್ದಿದೆ. ಸಣ್ಣ ಪ್ರಾಣಿ, ನಾಲ್ಕೈದು ವರ್ಷ ಇರಬಹುದು ಅಂತ ನೀವು ಅಂದುಕೊಂಡಿದ್ದಿರಿ. ಈಗ ಲೆಕ್ಕ ಹಾಕಿ: ನಿಮ್ಮ ಮಗಳಿಗೆ 31 ವರ್ಷ ಆಗುವವರೆಗೂ ಅದು ನಿಮ್ಮ ಮನೆಯಲ್ಲಿ ಇರಬೇಕಾಗುತ್ತದೆ.

ನಮ್ಮ ಮನೆಯ ಕಥೆ ಇಲ್ಲಿಗೆ ಬರುತ್ತದೆ. ನಾನು ಐದನೇ ಕ್ಲಾಸಿನಲ್ಲಿದ್ದೆ. ಶ್ರೀರಂಗಪಟ್ಟಣದ ಪಕ್ಕದ ನಮ್ಮೂರಿನಲ್ಲಿ ಕರೆಂಟಿನ ತಂತಿ ತಗುಲಿ ತಾಯಿ ಕೋತಿಯೊಂದು ಸತ್ತುಹೋಯಿತು. ಅದರ ಹೊಟ್ಟೆಗೆ ಅವುಚಿಕೊಂಡಿದ್ದ ಮರಿಯನ್ನು ಚಿಕ್ಕಪ್ಪ ಟವೆಲ್ಲಿನಲ್ಲಿ ಸುತ್ತಿ ತಂದರು. ಹತ್ತಿ ಅದ್ದಿ ಹಾಲು ಕುಡಿಸಿದವಳು ನಾನೇ. ರಾಮು ಅಂತ ಹೆಸರಿಟ್ಟೆವು. ಮೂರು ವರ್ಷ ಅವನು ಎಲ್ಲರಿಗೂ ಮುದ್ದು. ಅಜ್ಜಿ ಬಿಸಿಲಿಗೆ ಕೂತರೆ ಹಿಂದೆ ಹೋಗಿ ಅವರ ತಲೆಯಲ್ಲಿ ಹೇನು ಹುಡುಕುತ್ತಿದ್ದ. ಐದನೇ ವರ್ಷಕ್ಕೆ ಕೋರೆಹಲ್ಲು ಬಂದವು. ಒಂದು ದಿನ ಅಜ್ಜಿ ಅವನ ಕೈಯಿಂದ ಬೆಲ್ಲದ ಅಚ್ಚು ಕಿತ್ತುಕೊಳ್ಳಲು ಹೋದರು. ಅಂಗೈ ಸೀಳಿಬಿಟ್ಟ. ಹೊಲಿಗೆ, ಸೂಜಿ ಎಲ್ಲ ಆಯಿತು.

ಅವತ್ತಿನಿಂದ ಅವನು ಹಿತ್ತಲಿನ ಹೊಂಗೆ ಮರಕ್ಕೆ ಸರಪಳಿಯಲ್ಲಿ. ಬಿಟ್ಟು ನೋಡಿದೆವು. ಊರಿನ ಕೋತಿ ಗುಂಪು ಅವನನ್ನು ಕಚ್ಚಿ ಓಡಿಸಿತು. ನಾನು ಬಿ.ಎಡ್. ಮುಗಿಸಿ ಬಂದಾಗಲೂ ಅದೇ ಮರ, ಅದೇ ಸರಪಳಿ. ನೆಲದಲ್ಲಿ ಅವನು ಸುತ್ತಿ ಸುತ್ತಿ ಸವೆದ ದುಂಡನೆಯ ಗುರುತಿತ್ತು. ಹದಿನೇಳನೇ ವರ್ಷಕ್ಕೆ ಸತ್ತ. ಚಿಕ್ಕಪ್ಪ ಕೆಟ್ಟವರಲ್ಲ, ಪ್ರೀತಿಯಿಂದಲೇ ತಂದವರು. ಆ ಮರಿಯನ್ನು ಅಂದೇ ಅರಣ್ಯ ಇಲಾಖೆಗೆ ಒಪ್ಪಿಸಬೇಕಿತ್ತು. ನಮಗೆ ಯಾರಿಗೂ ಹೊಳೆಯಲಿಲ್ಲ. ನನಗೆ ಅದು ಇವತ್ತಿಗೂ ನೋವು.

ಅದಕ್ಕೇ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂದೇ. ನೂರು ಜೊತೆಗಾರರ ನಡುವೆ, ಹೊಳೆಯ ಮೇಲಿನ ಕೊಂಬೆಯಲ್ಲಿ ಮಲಗುವ ಪ್ರಾಣಿಗೆ ಮೈಸೂರಿನ ಬಾಲ್ಕನಿಯಲ್ಲಿ ಏನಿದೆ? ಕಾನೂನೂ ಬಿಗಿಯಾಗಿದೆ. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಇಂಥ ವಿದೇಶಿ ಪ್ರಾಣಿಗಳೂ ಅದರೊಳಗೆ ಬಂದಿವೆ. ಫೋನಿನಲ್ಲಿ ಮರಿ ಕೊಡಿಸುತ್ತೇವೆ ಅನ್ನುವವರ ಮಾತು ಕೇಳಬೇಡಿ. ಕಾಡಿನಿಂದ ಮರಿ ತರುವವರು ಎಷ್ಟೋ ಸಲ ತಾಯಿಯನ್ನು ಕೊಂದೇ ತರುತ್ತಾರೆ.

ಮಗಳಿಗೆ ಕೋತಿ ತೋರಿಸಬೇಕಿದ್ದರೆ ಒಂದು ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿ. ದೊಡ್ಡ ನಂದಿಯ ಆಸುಪಾಸಿನಲ್ಲಿ ತಾಯಿ ಮರಿ ಎಲ್ಲ ಸಿಗುತ್ತವೆ. ದೂರ ಕೂತು ಅರ್ಧ ಗಂಟೆ ನೋಡಲಿ. ಯಾವ ಮರಿ ಯಾರ ಮಡಿಲಿಗೆ ಓಡುತ್ತದೆ ಅಂತ ಎಣಿಸಲು ಹೇಳಿ. ಕೈಯಲ್ಲಿ ತಿಂಡಿ, ಪ್ಲಾಸ್ಟಿಕ್ ಚೀಲ ಮಾತ್ರ ಬೇಡ, ಕಿತ್ತುಕೊಳ್ಳುತ್ತವೆ. ಅಕಸ್ಮಾತ್ ಪರಚಿದರೂ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆ ಹಾಕಿಸಿ.