ಸ್ವಸಹಾಯ ಸಂಘದಲ್ಲಿ ನಾಯಕಿಯ ಪ್ರಾಮಾಣಿಕತೆಗೆ ಯಾಕಷ್ಟು ಬೆಲೆ?

ಯಾಕೆಂದರೆ ಬ್ಯಾಂಕಿಗೆ ಅಡಮಾನ ಇಡಲು ಸಂಘದ ಬಳಿ ಬೇರೇನೂ ಇಲ್ಲ. ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಆರಂಭಿಸಿದಾಗಿನಿಂದಲೂ ಆಸ್ತಿಯ ಬದಲು ಉಳಿತಾಯ, ಮರುಪಾವತಿ ಮತ್ತು ಲೆಕ್ಕದ ಪುಸ್ತಕ ನೋಡಿಯೇ ಸಾಲ ಸಿಗುತ್ತದೆ. 10ರಿಂದ 20 ಮಂದಿಯ ಹೆಸರು ಆ ಪುಸ್ತಕದಲ್ಲಿದೆ.

ಸಂಘ ಹಾಳಾಗುವುದು ಸಾಮಾನ್ಯವಾಗಿ ದೊಡ್ಡ ಕಳ್ಳತನದಿಂದಲ್ಲ. ಒಬ್ಬ ಸದಸ್ಯೆ ಕಂತು ಕಟ್ಟಿರುವುದಿಲ್ಲ. ಮುಜುಗರ ತಪ್ಪಿಸಲು ನಾಯಕಿ ‘ಕಟ್ಟಿದ್ದಾರೆ’ ಎಂದು ಬರೆಯುತ್ತಾಳೆ. ಮುಂದಿನ ತಿಂಗಳು ಆ ಕೊರತೆ ಮುಚ್ಚಲು ಇನ್ನೊಬ್ಬರ ಉಳಿತಾಯ ಬಳಕೆಯಾಗುತ್ತದೆ. ಆಮೇಲೆ ನಗದಿಗೂ ಪುಸ್ತಕಕ್ಕೂ ತಾಳೆಯೇ ಆಗುವುದಿಲ್ಲ. ನನ್ನ ಮಟ್ಟಿಗೆ ಈ ಕರುಣೆಯ ಸುಳ್ಳೇ ಅತ್ಯಂತ ಅಪಾಯಕಾರಿ, ಏಕೆಂದರೆ ಅದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ.

ಹಣವನ್ನು ಸಭೆಯಲ್ಲೇ ಎಲ್ಲರೆದುರು ಎಣಿಸಿ, ಸದಸ್ಯೆಯ ಪಾಸ್‌ಬುಕ್ಕಿನಲ್ಲೂ ಸಂಘದ ಪುಸ್ತಕದಲ್ಲೂ ಆಗಲೇ ಬರೆಯಿರಿ. ಬಾಕಿಯನ್ನು ಬಾಕಿ ಎಂದೇ ಬರೆದು ಹೊಸ ಗಡುವು ಕೊಡಿ. ತಿಂಗಳಿಗೊಮ್ಮೆ ಬ್ಯಾಂಕ್ ಪಾಸ್‌ಬುಕ್ಕನ್ನು ಗಟ್ಟಿಯಾಗಿ ಓದಿ. ಓದು ಬಾರದವರಿಗೆ ಇದೊಂದೇ ಲೆಕ್ಕಪರಿಶೋಧನೆ. ಖಾಲಿ ಚೆಕ್ಕಿಗೆ ಮುಂಗಡ ಸಹಿ ಬೇಡವೇ ಬೇಡ. ನಾಯಕಿ ತನಗೆ ಸಾಲ ಬೇಕಾದರೆ, ಆ ಚರ್ಚೆ ನಡೆಸಲು ಬೇರೊಬ್ಬರಿಗೆ ಬಿಟ್ಟುಕೊಡಲಿ.