ಬ್ರಿಟನ್‌ನಲ್ಲಿ ಆಕ್ಯುಪೇಷನಲ್ ಥೆರಪಿ ಎಂಎಸ್ಸಿ: ಹೊರಡುವ ಮುಂಚೆ ಲೆಕ್ಕ ಹಾಕಬೇಕಾದ್ದು

ನೀವು ಕೇಳಿದ್ದು ಇಷ್ಟು: ಮೈಸೂರಿನಲ್ಲಿ ಸೈಕಾಲಜಿ ಡಿಗ್ರಿ ಮುಗಿದಿದೆ, ವಿಶೇಷ ಮಕ್ಕಳ ಶಾಲೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೀರಿ, ಈಗ ಬ್ರಿಟನ್‌ಗೆ ಬಂದು ಆಕ್ಯುಪೇಷನಲ್ ಥೆರಪಿಯಲ್ಲಿ (ಚಿಕ್ಕದಾಗಿ ಓಟಿ; ಕಾಯಿಲೆ, ಪೆಟ್ಟು, ಅಂಗವೈಕಲ್ಯ ಇರುವವರು ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳುವಂತೆ ನೆರವಾಗುವ ಚಿಕಿತ್ಸೆ) ಎಂಎಸ್ಸಿ ಮಾಡುವ ಮನಸ್ಸಿದೆ. ಮಣಿಪಾಲದಲ್ಲಿ ಬಿಓಟಿ, ಅಂದರೆ ಆಕ್ಯುಪೇಷನಲ್ ಥೆರಪಿಯ ಪದವಿ, ಮುಗಿಸಿದ ಗೆಳತಿಯೂ ನಿಮ್ಮ ಜೊತೆಗೇ ಅದೇ ಕೋರ್ಸಿಗೆ ಅರ್ಜಿ ಹಾಕುತ್ತಿದ್ದಾರೆ. ಓದು ಹೇಗಿರುತ್ತದೆ, ಖರ್ಚೆಷ್ಟು, ಕೊನೆಗೆ ಕೆಲಸ ಸಿಗುತ್ತದಾ?

ಮೊದಲು ಆ "ಅದೇ ಕೋರ್ಸು" ಅನ್ನುವುದನ್ನು ನೋಡೋಣ. ನಿಮ್ಮಿಬ್ಬರಿಗೂ ಒಂದೇ ಕೋರ್ಸು ಸರಿಹೋಗುವುದಿಲ್ಲ. ಇಲ್ಲಿ ಈ ಹೆಸರಿನ ಎಂಎಸ್ಸಿಗಳಲ್ಲಿ ಎರಡು ಜಾತಿ. ಒಂದು ಪ್ರೀ-ರಿಜಿಸ್ಟ್ರೇಷನ್: ಬೇರೆ ವಿಷಯದಲ್ಲಿ ಡಿಗ್ರಿ ಮಾಡಿದವರನ್ನು ಎರಡು ವರ್ಷದಲ್ಲಿ ಥೆರಪಿಸ್ಟ್ ಮಾಡುವಂಥದ್ದು. ಬ್ರುನೆಲ್, ಎಸೆಕ್ಸ್, ಗ್ಲಾಸ್ಗೋ ಕ್ಯಾಲಿಡೋನಿಯನ್ ಮುಂತಾದ ಕಡೆ ಇದು ನಡೆಯುತ್ತದೆ. ಇನ್ನೊಂದು, ಈಗಾಗಲೇ ಥೆರಪಿಸ್ಟ್ ಆಗಿರುವವರಿಗೆ ಇರುವ ಮುಂದಿನ ಓದು. ಹೆಸರಿನಲ್ಲಿ "ಅಡ್ವಾನ್ಸ್ಡ್" ಅಂತಲೋ "ಪೋಸ್ಟ್-ರಿಜಿಸ್ಟ್ರೇಷನ್" ಅಂತಲೋ ಇರುತ್ತದೆ. ಈ ಎರಡನೆಯದನ್ನು ಮುಗಿಸಿದರೆ ಡಿಗ್ರಿ ಬರುತ್ತದೆ, ಕೆಲಸ ಮಾಡುವ ಹಕ್ಕು ಬರುವುದಿಲ್ಲ. ಆ ಹಕ್ಕು ಕೊಡುವುದು ಹೆಲ್ತ್ ಆ್ಯಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್, ಅಂದರೆ ಎಚ್‌ಸಿಪಿಸಿ. "ಆಕ್ಯುಪೇಷನಲ್ ಥೆರಪಿಸ್ಟ್" ಎಂಬ ಪದನಾಮಕ್ಕೆ ಇಲ್ಲಿ ಕಾನೂನಿನ ರಕ್ಷಣೆಯಿದೆ; ಅವರ ರಿಜಿಸ್ಟರ್‌ನಲ್ಲಿ ಹೆಸರಿಲ್ಲದೆ ಹಾಗೆ ಕರೆದುಕೊಳ್ಳುವುದು ಅಪರಾಧ. ನಮ್ಮ ಕಡೆಯ ಏಜೆಂಟರು ಕೋರ್ಸ್ ಮಾರುವಾಗ ಈ ಒಂದು ಮಾತನ್ನು ಮಾತ್ರ ನುಂಗಿಕೊಳ್ಳುತ್ತಾರೆ. ಎಚ್‌ಸಿಪಿಸಿ ವೆಬ್‌ಸೈಟಿನಲ್ಲಿ ಮಾನ್ಯತೆ ಪಡೆದ ಕೋರ್ಸುಗಳ ಪಟ್ಟಿ ಇದೆ. ಯೂನಿವರ್ಸಿಟಿಯ ಹೆಸರು ಮಾತ್ರವಲ್ಲ, ಕೋರ್ಸಿನ ಪೂರ್ತಿ ಹೆಸರು ಆ ಪಟ್ಟಿಯಲ್ಲಿದೆಯಾ ನೋಡಿ, ಆಮೇಲೆ ದುಡ್ಡು ಕಟ್ಟಿ.

ನಿಮಗೆ ಬೇಕಿರುವುದು ಪ್ರೀ-ರಿಜಿಸ್ಟ್ರೇಷನ್. ನಿಮ್ಮ ಗೆಳತಿಗೆ ಬಹುಶಃ ಕೋರ್ಸೇ ಬೇಡ. ಬಿಓಟಿ ಇರುವವರು ಊರಲ್ಲೇ ಕೂತು ಎಚ್‌ಸಿಪಿಸಿಯ ಅಂತರರಾಷ್ಟ್ರೀಯ ದಾರಿಯಲ್ಲಿ ಅರ್ಜಿ ಹಾಕಬಹುದು. ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಒಟ್ಟು 7.0, ಯಾವ ಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು. ಅವರು ಓದಿದ ವಿಷಯ, ಮಾಡಿದ ಕ್ಲಿನಿಕಲ್ ತರಬೇತಿ, ಆಮೇಲಿನ ಕೆಲಸ ಎಲ್ಲವನ್ನೂ ಇಲ್ಲಿನ ಮಾನದಂಡಕ್ಕೆ ಹೋಲಿಸಿ ನೋಡುತ್ತಾರೆ. ಕೊರತೆ ಕಂಡರೆ ಪರೀಕ್ಷೆ ಅಥವಾ ಮೇಲ್ವಿಚಾರಣೆಯಲ್ಲಿ ಒಂದಷ್ಟು ಕಾಲ ಕೆಲಸ ಮಾಡಲು ಹೇಳಬಹುದು. ಅರ್ಜಿಯಲ್ಲಿ "ಮಕ್ಕಳ ವಿಭಾಗದಲ್ಲಿ 2 ವರ್ಷ" ಎಂದಷ್ಟೇ ಬರೆದರೆ ಸಾಲದು. ಯಾವ ಅಸೆಸ್‌ಮೆಂಟ್ ಮಾಡಿದಿರಿ, ಗುರಿ ಹೇಗೆ ಇಟ್ಟಿರಿ, ಏಕೆ ಆ ವಿಧಾನವನ್ನೇ ಆರಿಸಿದಿರಿ ಎಂದು ಬಿಡಿಸಿ ಬರೆಯಬೇಕು. ರಿಜಿಸ್ಟ್ರೇಷನ್ ಕೈಗೆ ಬಂದರೆ ಎರಡು ವರ್ಷದ ಫೀಸು ಉಳಿಯಿತು. ನೇರವಾಗಿ ಕೆಲಸ ಹುಡುಕಿಕೊಂಡು ಹೆಲ್ತ್ ಆ್ಯಂಡ್ ಕೇರ್ ವರ್ಕರ್ ವೀಸಾದಲ್ಲಿ ಬರಬಹುದು.

ಇನ್ನು ದುಡ್ಡಿನ ಮಾತು. ಹೊರದೇಶದವರಿಗೆ ಫೀಸು ಹೆಚ್ಚಿನ ಕಡೆ ವರ್ಷಕ್ಕೆ 17,000ದಿಂದ 25,000 ಪೌಂಡ್ ಆಸುಪಾಸು, ಅದೂ ಎರಡು ವರ್ಷಕ್ಕೆ. ಇಂಟರ್‌ನೆಟ್‌ನಲ್ಲಿ ಓದಿರಬಹುದು, ಇಂಗ್ಲೆಂಡಿನಲ್ಲಿ ಓಟಿ ವಿದ್ಯಾರ್ಥಿಗಳಿಗೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ವರ್ಷಕ್ಕೆ 5,000 ಪೌಂಡ್ ಕೊಡುತ್ತದೆ ಎಂದು. ಅದು ನಿಜ, ಆದರೆ ಸ್ಟೂಡೆಂಟ್ ವೀಸಾದವರಿಗೆ ಅಲ್ಲ. ವೀಸಾಕ್ಕೆ ಒಂಬತ್ತು ತಿಂಗಳ ಜೀವನ ವೆಚ್ಚ ತೋರಿಸಬೇಕು: 2025ರ ನವೆಂಬರ್‌ನಿಂದ ಲಂಡನ್‌ನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171. ಅಂದರೆ 13,761 ಅಥವಾ 10,539 ಪೌಂಡ್, ಜೊತೆಗೆ ಕಟ್ಟದೆ ಉಳಿದಿರುವ ಮೊದಲ ವರ್ಷದ ಫೀಸು. ಈ ಮೊತ್ತ ಖಾತೆಯಲ್ಲಿ ಸತತ 28 ದಿನ ಇರಬೇಕು. ನಡುವೆ ಒಂದು ದಿನ ಕೆಳಗಿಳಿದರೂ ಅರ್ಜಿ ತಿರಸ್ಕಾರವಾಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಎಡವುವುದು ಇಲ್ಲೇ: ಮಾವನ ಖಾತೆಯಿಂದ ಕೊನೆ ಗಳಿಗೆಯಲ್ಲಿ ದುಡ್ಡು ಹಾಕಿಸಿಕೊಂಡು ಹತ್ತನೇ ದಿನಕ್ಕೆ ಅರ್ಜಿ ಒತ್ತಿಬಿಡುವುದು. ಎನ್‌ಎಚ್‌ಎಸ್ ಬಳಸಲು ವೀಸಾ ಅರ್ಜಿಯ ಜೊತೆ ಕಟ್ಟುವ ಆರೋಗ್ಯ ಸರ್ಚಾರ್ಜ್ ವರ್ಷಕ್ಕೆ 776 ಪೌಂಡ್. ಎರಡು ವರ್ಷದ ಕೋರ್ಸಿಗೆ ವೀಸಾ ಹಿಂದೆ ಮುಂದೆ ಸೇರಿ ಎರಡು ವರ್ಷ ಮೀರುವುದರಿಂದ ಎರಡೂವರೆ ವರ್ಷದ್ದು, 1,940 ಪೌಂಡ್, ಒಂದೇ ಸಲ ಕಟ್ಟಬೇಕು. ಮದುವೆಯಾಗಿದ್ದರೆ ಇದನ್ನೂ ಗಮನಿಸಿ: 2024ರ ಜನವರಿಯಿಂದ ಇಂಥ ಎಂಎಸ್ಸಿಗೆ ಬರುವವರು ಗಂಡ, ಹೆಂಡತಿ, ಮಕ್ಕಳನ್ನು ಡಿಪೆಂಡೆಂಟ್ ಆಗಿ ಕರೆತರುವಂತಿಲ್ಲ.

ಪಾರ್ಟ್‌ಟೈಮ್ ದುಡಿದು ಫೀಸು ತುಂಬುತ್ತೇನೆ ಅನ್ನುವ ಲೆಕ್ಕ ಈ ಕೋರ್ಸಿಗೆ ಹೊಂದುವುದಿಲ್ಲ. ವಾರಕ್ಕೆ 20 ಗಂಟೆ ದುಡಿಯಲು ಅನುಮತಿ ಇದೆ, ನಿಜ. ಆದರೆ ರಾಯಲ್ ಕಾಲೇಜ್ ಆಫ್ ಆಕ್ಯುಪೇಷನಲ್ ಥೆರಪಿಸ್ಟ್ಸ್ ನಿಯಮದಂತೆ ಕನಿಷ್ಠ 1000 ಗಂಟೆ ಪ್ಲೇಸ್‌ಮೆಂಟ್, ಅಂದರೆ ಆಸ್ಪತ್ರೆ ಮುಂತಾದ ಕಡೆ ರೋಗಿಗಳ ಜೊತೆ ತರಬೇತಿ, ಮುಗಿಸಬೇಕು. ವಾರಕ್ಕೆ 37.5 ಗಂಟೆಯಂತೆ ಅದೇ ಸುಮಾರು 27 ವಾರ, ಸಂಬಳವಿಲ್ಲದೆ. ಜಾಗ ಯೂನಿವರ್ಸಿಟಿ ಹಂಚುತ್ತದೆ, ನಿಮ್ಮ ಆಯ್ಕೆ ನಡೆಯುವುದಿಲ್ಲ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಆದರೂ ದೂರವೆಂದು ಪರಿಗಣಿಸದ ಕಡೆಗಳಿವೆ. ಬೆಳಿಗ್ಗೆ ಎಂಟಕ್ಕೆ ವಾರ್ಡ್‌ನಲ್ಲಿ ಇರಬೇಕೆಂದರೆ ಹಿಂದಿನ ರಾತ್ರಿ ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆದು ಬಂದವರಿಗೆ ಆಗುವ ಮಾತಲ್ಲ. ಅನಾರೋಗ್ಯದಿಂದ ತಪ್ಪಿದ ಗಂಟೆಗಳನ್ನೂ ಆಮೇಲೆ ತುಂಬಿಸಬೇಕು.

ಪ್ಲೇಸ್‌ಮೆಂಟಿಗೆ ಹೋಗುವ ಮುಂಚಿನ ಕಾಗದಪತ್ರವನ್ನು ಊರಲ್ಲೇ ಮುಗಿಸಿ. ಪಾಸ್‌ಪೋರ್ಟ್ ಸೇವಾದಿಂದ ಪೊಲೀಸ್ ಕ್ಲಿಯರೆನ್ಸ್, ವೀಸಾಕ್ಕೆ ಮಾನ್ಯತೆ ಪಡೆದ ಕ್ಲಿನಿಕ್ಕಿನಿಂದ ಟಿಬಿ ಪರೀಕ್ಷೆಯ ಸರ್ಟಿಫಿಕೇಟು. ಅದು ಆರು ತಿಂಗಳಿಗೆ ಮಾತ್ರ ಊರ್ಜಿತ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) ಎರಡು ಡೋಸು, ಚಿಕನ್‌ಪಾಕ್ಸ್‌ನ ರೋಗನಿರೋಧಕತೆ, ಹೆಪಟೈಟಿಸ್ ಬಿ ಇವುಗಳಿಗೆ ದಾಖಲೆ ಕೇಳುತ್ತಾರೆ. ಬಾಲ್ಯದ ಲಸಿಕೆ ಕಾರ್ಡು ಕಳೆದುಹೋಗಿದ್ದರೆ ರಕ್ತದಲ್ಲಿ ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿ ವರದಿ ತನ್ನಿ. ಹೆಪಟೈಟಿಸ್ ಬಿ ಮಾಮೂಲಿ ಕ್ರಮ 0, 1, 6 ತಿಂಗಳು. ಇಲ್ಲಿಗೆ ಬಂದು ಶುರು ಮಾಡಿದರೆ ಮೊದಲ ಪ್ಲೇಸ್‌ಮೆಂಟ್ ಮುಂದಕ್ಕೆ ಹೋಗಬಹುದು, ಅದರ ಹಿಂದೆ ಮಿಕ್ಕಿದ್ದೆಲ್ಲ ಸಾಲಾಗಿ ಮುಂದಕ್ಕೆ.

ಓದಿನ ಭಾಗಕ್ಕೆ ಹೆಚ್ಚು ಹೆದರಬೇಡಿ. ಸೈಕಾಲಜಿ ಓದಿದವರಿಗೆ ಸಂಶೋಧನಾ ವಿಧಾನ, ಮಾನಸಿಕ ಆರೋಗ್ಯ ಸುಲಭ, ಅಂಗರಚನೆ ಕಷ್ಟ. ಭುಜ, ಕೈ, ಬೆನ್ನುಹುರಿ, ಪಾರ್ಶ್ವವಾಯುವಿನಲ್ಲಿ ಮೆದುಳಿನ ಯಾವ ಭಾಗಕ್ಕೆ ಪೆಟ್ಟಾದರೆ ಏನಾಗುತ್ತದೆ, ಇಷ್ಟನ್ನು ಬರುವ ಮುಂಚೆಯೇ ಒಮ್ಮೆ ಓದಿಕೊಂಡಿರಿ. ಕೀಲ್‌ಹಾಫ್‌ನರ್ ರೂಪಿಸಿದ ಮೊಹೊ (ಮಾಡೆಲ್ ಆಫ್ ಹ್ಯೂಮನ್ ಆಕ್ಯುಪೇಷನ್), ಕೆನಡಾದ ಮಾದರಿ, ಐವಾಮಾ ಅವರ ಕಾವಾ, ರೋಗಿಯ ಬದುಕನ್ನು ಅರ್ಥಮಾಡಿಕೊಳ್ಳಲು ಬಳಸುವ ಈ ಮಾಡೆಲ್‌ಗಳನ್ನು ಬಾಯಿಪಾಠ ಮಾಡಿದರೆ ಅಂಕ ಬರುವುದಿಲ್ಲ. ಒಬ್ಬ ರೋಗಿಯ ವಿವರ ಕೊಟ್ಟು, ಇಲ್ಲಿ ಈ ಮಾಡೆಲ್ ಏಕೆ, ಅದು ಯಾವುದನ್ನು ಕಾಣಗೊಡುವುದಿಲ್ಲ ಎಂದು ಕೇಳುತ್ತಾರೆ. ಪುಸ್ತಕದ ವಾಕ್ಯವನ್ನು ಒಂದೆರಡು ಪದ ಬದಲಿಸಿ ಬರೆಯುವ ನಮ್ಮ ಪರೀಕ್ಷಾ ಪದ್ಧತಿ ಇಲ್ಲಿ ಕೃತಿಚೌರ್ಯದ ಲೆಕ್ಕಕ್ಕೆ ಬರುತ್ತದೆ, ವಿಚಾರಣೆಯೂ ಆಗುತ್ತದೆ.

ಪ್ಲೇಸ್‌ಮೆಂಟ್ ಮಾತ್ರ ಬೇರೆ ಆಟ. ಕೋರ್ಸಿನಿಂದ ಹೊರಬೀಳುವವರು ಹೆಚ್ಚಾಗಿ ಇಲ್ಲಿ ಸೋಲುತ್ತಾರೆ; ಒಮ್ಮೆ ಫೇಲಾದರೆ ಸಾಮಾನ್ಯವಾಗಿ ಇನ್ನೊಂದೇ ಅವಕಾಶ. ಒಂದು ಉದಾಹರಣೆಯನ್ನು ಪೂರ್ತಿ ನೋಡಿ. ಆಸ್ಪತ್ರೆಯಲ್ಲಿ 80 ದಾಟಿದ ಅಜ್ಜಿಗೆ ಸೊಂಟದ ಕೀಲು ಬದಲಿಸಿದ್ದಾರೆ, ಒಬ್ಬರೇ ಇರುವ ಮನೆಗೆ ಹೋಗಬೇಕು. ನೀವು ಮಂಡಿಯ ಹಿಂಭಾಗದಿಂದ ನೆಲದವರೆಗೆ, ಅವರು ದಿನಾ ಹಾಕುವ ಶೂ ಹಾಕಿಸಿ, ಅಳೆಯುತ್ತೀರಿ: 46 ಸೆಂ.ಮೀ. ಸೊಂಟ 90 ಡಿಗ್ರಿಗಿಂತ ಹೆಚ್ಚು ಬಾಗಬಾರದೆಂದು ಸರ್ಜನ್ ಹೇಳಿದ್ದರೆ ಕೂರುವ ಎತ್ತರ ಅದಕ್ಕಿಂತ ಸುಮಾರು 5 ಸೆಂ.ಮೀ. ಮೇಲಿರಬೇಕು, 51. ಮನೆಯ ಕಮೋಡಿನ ಎತ್ತರ 41 ಸೆಂ.ಮೀ. ಕಮೋಡಿನ ಮೇಲೆ ಕೂರಿಸುವ ಎತ್ತರದ ಸೀಟುಗಳು 2, 4, 6 ಇಂಚಿನವು ಸಿಗುತ್ತವೆ. ಇಲ್ಲಿ 4 ಇಂಚಿನದು ಸರಿ. ವಿದ್ಯಾರ್ಥಿ ಇಷ್ಟಕ್ಕೆ ನಿಂತರೆ ಅರ್ಧ ಅಂಕ. ಹಾಸಿಗೆ ಮೃದುವಾಗಿದ್ದರೆ ಕೂತಾಗ ಎಷ್ಟು ಕುಸಿಯುತ್ತದೆ? ವಾಕಿಂಗ್ ಫ್ರೇಮ್ ಹಿಡಿದವರು ಟೀ ಕಪ್ಪನ್ನು ಅಡುಗೆಮನೆಯಿಂದ ಕುರ್ಚಿಗೆ ಹೇಗೆ ಒಯ್ಯುತ್ತಾರೆ? ಅವರಿಗೆ ಟ್ರಾಲಿ ಬೇಕು. ಆದರೆ ಬಾಗಿಲ ಹೊಸ್ತಿಲು ಎತ್ತರವಿದ್ದರೆ ಟ್ರಾಲಿ ದಾಟುವುದಿಲ್ಲ, ಆಗ ಅಡುಗೆಮನೆಯಲ್ಲೇ ಪರ್ಚಿಂಗ್ ಸ್ಟೂಲ್ (ಅರ್ಧ ನಿಂತಂತೆ ಒರಗಿ ಕೂರುವ ಎತ್ತರದ ಸ್ಟೂಲು) ಇಟ್ಟು ಅಲ್ಲೇ ಕುಡಿಯುವ ಏರ್ಪಾಡು. ಸಾಕ್ಸ್ ಹಾಕಿಕೊಳ್ಳಲು ಸಾಧನ ಕೊಡಬೇಕೋ, ಅವರಿಗೆ ಸಾಕ್ಸೇ ಬೇಡವೋ? ಇನ್ನೊಂದು ಮಾತು: ಈಗ ಎಷ್ಟೋ ಆಸ್ಪತ್ರೆಗಳು ಆ 90 ಡಿಗ್ರಿ ನಿಯಮವನ್ನೇ ಕೈಬಿಟ್ಟಿವೆ. ಹಳೆಯ ನೋಟ್ಸ್ ನೋಡಿ ಎಲ್ಲರಿಗೂ ಅದನ್ನೇ ಒಪ್ಪಿಸಿದರೆ ಸೂಪರ್‌ವೈಸರ್ ತಕ್ಷಣ ಕೇಳುವುದು, "ಈ ರೋಗಿಗೆ ಇದು ಯಾರ ಸೂಚನೆ?"

ಅಡುಗೆಮನೆಯ ಅಸೆಸ್‌ಮೆಂಟ್ ನಮ್ಮವರಿಗೆ ತಮಾಷೆಯಾಗಿ ಕಾಣುತ್ತದೆ, ಅಜ್ಜನಿಗೆ ಟೀ ಮಾಡಲು ಹೇಳಿ ಪಕ್ಕದಲ್ಲಿ ನಿಂತು ನೋಡುವುದು. ನಿಜಕ್ಕೂ ಅಲ್ಲಿ ನೋಡಬೇಕಾದ್ದು ಬಹಳ: ಕೆಟಲ್ಲಿಗೆ ನೀರು ಎಷ್ಟು ತುಂಬಿದರು, ಎಡಗಡೆ ಇಟ್ಟ ಹಾಲು ಕಂಡಿತೇ, ನಡುವೆ ಏನು ಮಾಡುತ್ತಿದ್ದೆನೆಂದು ಮರೆತರೇ, ಸುಸ್ತಾದಾಗ ತಾವಾಗಿಯೇ ಕೂತರೇ. ಇಲ್ಲಿನವರು ಕಪ್ಪಿನಲ್ಲಿ ಟೀ ಬ್ಯಾಗಿಟ್ಟು ಬಿಸಿನೀರು ಸುರಿಯುತ್ತಾರೆ. ನಮ್ಮ ಹಾಗೆ ಪಾತ್ರೆಯಲ್ಲಿ ಕುದಿಸುವುದಿಲ್ಲ. ಅವರ ಕ್ರಮ ನಿಮಗೆ ಗೊತ್ತಿರದಿದ್ದರೆ ತಪ್ಪಿದ್ದು ಎಲ್ಲಿ ಎಂದು ಹೇಗೆ ಗುರುತಿಸುತ್ತೀರಿ? ಮತ್ತು ಕೈ ನಡುಗುವುದು ಕಂಡ ತಕ್ಷಣ ಓಡಿಹೋಗಿ ಕಪ್ ಹಿಡಿದುಕೊಳ್ಳುವುದು ನಮ್ಮ ಮನೆಗಳಲ್ಲಿ ಕಲಿತ ಒಳ್ಳೆಯತನ. ಇಲ್ಲಿ ಅದೇ ಅಡ್ಡಿ. ಅಪಾಯ ಇಲ್ಲದಿದ್ದರೆ ಕೈಕಟ್ಟಿ ನಿಂತು, ಅವರೇ ದಾರಿ ಹುಡುಕುವವರೆಗೆ ಕಾಯಬೇಕು.

ಇದರ ಜೊತೆಗೇ ಬರುವುದು 2005ರ ಮೆಂಟಲ್ ಕೆಪಾಸಿಟಿ ಆ್ಯಕ್ಟ್, ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ ಕಾನೂನು. ನಿರ್ಧರಿಸುವ ಸಾಮರ್ಥ್ಯ ಇರುವ ವ್ಯಕ್ತಿ ಅವಿವೇಕದ ನಿರ್ಧಾರ ಮಾಡಿದರೂ ಅದು ಅವರ ಹಕ್ಕು. ಮಹಡಿ ಮೆಟ್ಟಿಲು ಅಪಾಯ ಎಂದು ನಿಮಗೆ ಗೊತ್ತಿದ್ದರೂ, ಕೆಳಗಡೆ ಮಲಗಲು ಆ ಅಜ್ಜ ಒಪ್ಪದಿದ್ದರೆ ಮಗನನ್ನು ಕರೆಸಿ ಒಪ್ಪಿಸುವ ನಮ್ಮೂರ ಉಪಾಯ ನಡೆಯುವುದಿಲ್ಲ. ಅಪಾಯವನ್ನು ಅವರಿಗೆ ಅರ್ಥವಾಗುವಂತೆ ವಿವರಿಸಿ, ಅದನ್ನು ದಾಖಲಿಸಿ, ಇರುವುದರಲ್ಲಿ ಸುರಕ್ಷಿತ ಮಾಡಿಕೊಡಬೇಕು, ಮೆಟ್ಟಿಲಿನ ಇನ್ನೊಂದು ಬದಿಗೂ ಹಿಡಿಕಂಬಿ ಹಾಕಿಸುವುದು ಇತ್ಯಾದಿ.

ಫೇಲಾಗುವ ಕಾರಣಗಳಲ್ಲಿ ಕೌಶಲದ ಕೊರತೆಗಿಂತ ಬಾಯಿ ಬಿಡದಿರುವುದೇ ಹೆಚ್ಚು. ಸೂಪರ್‌ವೈಸರ್ "ಅರ್ಥವಾಯಿತಾ" ಅಂದಾಗ ಗೌರವಕ್ಕೆ ಹೂಂ ಅನ್ನುತ್ತೇವೆ. ಅವರು ಅದನ್ನು ನಿಜವೆಂದೇ ತಿಳಿದು ಮುಂದಿನ ರೋಗಿಯನ್ನು ನಿಮಗೆ ಬಿಡುತ್ತಾರೆ. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಿ, ಅದಕ್ಕೆ ಅಂಕ ಕಳೆಯುವುದಿಲ್ಲ; ತಿಳಿಯದೆ ಹಾಯ್ಸ್ಟ್‌ಗೆ (ರೋಗಿಯನ್ನು ಎತ್ತುವ ಯಂತ್ರ) ಸ್ಲಿಂಗ್, ಅಂದರೆ ರೋಗಿಯನ್ನು ಕೂರಿಸುವ ಜೋಲಿ, ಸಿಕ್ಕಿಸಿದರೆ ಆ ದಿನವೇ ನಿಲ್ಲಿಸುತ್ತಾರೆ. ವಾರಕ್ಕೊಮ್ಮೆ ಸೂಪರ್‌ವಿಷನ್ ಇರುತ್ತದೆ, ಅದು ರದ್ದಾದರೆ ಬೇರೆ ದಿನ ಕೇಳಿ ಪಡೆಯಿರಿ. ಅರ್ಧದಾರಿಯ ವರದಿಯಲ್ಲಿ ಕೊರತೆ ಬರೆದಿದ್ದರೆ ಅದೇ ದಿನ ಯೂನಿವರ್ಸಿಟಿಯ ಟ್ಯೂಟರ್‌ಗೆ ತಿಳಿಸಿ, ಕೊನೆಯ ವಾರದಲ್ಲಿ ತಿಳಿಸಿದರೆ ಪ್ರಯೋಜನವಿಲ್ಲ. ಆಸ್ಪತ್ರೆಯಲ್ಲಿ ಮೊಣಕೈ ಕೆಳಗೆ ಬಳೆ, ವಾಚು ಇರಕೂಡದು, ಒಂದು ಸಾದಾ ಉಂಗುರ ಪರವಾಗಿಲ್ಲ. ರೋಗಿಯ ವಿಷಯ, ಹೆಸರಿಲ್ಲದೆಯೂ, ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ಕೆಲಸದ ಬಗ್ಗೆ: ಹೊಸಬರು ಎನ್‌ಎಚ್‌ಎಸ್‌ನಲ್ಲಿ ಬ್ಯಾಂಡ್ 5 ಎಂಬ ಸಂಬಳ ಶ್ರೇಣಿಯಿಂದ ಶುರು ಮಾಡುತ್ತಾರೆ, ಇಂಗ್ಲೆಂಡಿನಲ್ಲಿ 2025–26ರ ಆರಂಭಿಕ ಸಂಬಳ ವರ್ಷಕ್ಕೆ 31,049 ಪೌಂಡ್. ಕೊನೆಯ ಪ್ಲೇಸ್‌ಮೆಂಟ್ ನಡೆಯುತ್ತಿರುವಾಗಲೇ ಅರ್ಜಿ ಹಾಕಬಹುದು, ಆದರೆ ಫಲಿತಾಂಶ ಬಂದು ಎಚ್‌ಸಿಪಿಸಿ ನಂಬರ್ ಸಿಗುವವರೆಗೆ ಥೆರಪಿಸ್ಟ್ ಆಗಿ ಕೆಲಸಕ್ಕೆ ನಿಲ್ಲುವಂತಿಲ್ಲ. ಎಲ್ಲ ಟ್ರಸ್ಟ್‌ಗಳೂ (ಆಸ್ಪತ್ರೆಗಳನ್ನು ನಡೆಸುವ ಎನ್‌ಎಚ್‌ಎಸ್ ಸಂಸ್ಥೆಗಳು) ಬ್ಯಾಂಡ್ 5ಕ್ಕೆ ವೀಸಾ ಸ್ಪಾನ್ಸರ್ ಮಾಡುವುದಿಲ್ಲ, ಅರ್ಜಿಗೆ ಮುಂಚೆಯೇ ಇಮೇಲ್ ಮಾಡಿ ಕೇಳಿ. ಓದಿನ ನಂತರದ ಗ್ರ್ಯಾಜುಯೇಟ್ ವೀಸಾ ಎರಡು ವರ್ಷದ್ದಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು ಮಾತ್ರ. ನೀವು ಇನ್ನು ಸೇರಿ ಮುಗಿಸುವುದು ಅದರ ನಂತರವೇ, ಹಾಗಾಗಿ 18 ತಿಂಗಳೆಂದೇ ಲೆಕ್ಕ ಹಾಕಿ. ಊರಿಗೆ ಮರಳುವ ಯೋಚನೆಯಿದ್ದರೆ, ವಿದೇಶಿ ಪದವಿಗೆ ಮಾನ್ಯತೆ 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ಕಾಯಿದೆಯ ಕೆಳಗೆ ಬರುತ್ತದೆ. ಫೀಸು ಕಟ್ಟುವ ಮುಂಚೆಯೇ ರಾಜ್ಯದ ಕೌನ್ಸಿಲ್‌ನಲ್ಲಿ ವಿಚಾರಿಸಿಕೊಳ್ಳಿ.

ಕೊನೆಗೆ ಯಾರೂ ಮೊದಲೇ ಹೇಳದ ಸಂಗತಿ, ಡ್ರೈವಿಂಗ್. ರೋಗಿಗಳ ಮನೆಗೇ ಹೋಗುವ ಕಮ್ಯುನಿಟಿ ಹುದ್ದೆಗಳು ಬಹಳ, ಅವುಗಳ ಜಾಹೀರಾತಿನಲ್ಲಿ "ಲೈಸೆನ್ಸ್ ಕಡ್ಡಾಯ" ಎಂದಿರುತ್ತದೆ. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳಷ್ಟೇ ನಡೆಯುತ್ತದೆ. ಆಮೇಲೆ ಪ್ರೊವಿಷನಲ್ (ಕಲಿಯುವವರ) ಲೈಸೆನ್ಸ್, ಥಿಯರಿ, ಪ್ರಾಕ್ಟಿಕಲ್, ಎಲ್ಲ ಮೊದಲಿನಿಂದ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಮೊದಲ ವರ್ಷದಲ್ಲೇ ಪ್ರೊವಿಷನಲ್ ತೆಗೆದುಕೊಂಡು ಥಿಯರಿ ಮುಗಿಸಿಬಿಡಿ. ಆಟೋಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಮ್ಯಾನುಯಲ್ ಓಡಿಸುವಂತಿಲ್ಲ, ಯಾವುದು ಬೇಕೆಂದು ಮೊದಲ ಕ್ಲಾಸಿಗೆ ಮುಂಚೆಯೇ ತೀರ್ಮಾನಿಸಿಕೊಳ್ಳಿ.